ಸತ್ತವರ ಫೈಲು ಹಿಡಿಯೋಕೆ ಯಾವ ಮೆರಿಟ್ ಬೇಕು ಸ್ವಾಮಿ?



ಬರಹ ಉದ್ದ ಇದೆ. ರಾತ್ರಿ ಊಟ ಆದ್ಮೇಲೆ ಓದಿದ್ರೂ ಪರವಾಗಿಲ್ಲ, ಆದರೆ ಪೂರ್ತಿ ಓದಿ. ಕೊನೆಯಲ್ಲಿ ಕೆಲಸಕ್ಕೆ ಬರೋ ಮಾತುಗಳಿವೆ.

ಒಂದು ವಾಟ್ಸಾಪ್ ಮೆಸೇಜು ಗ್ರೂಪಿಂದ ಗ್ರೂಪಿಗೆ ಓಡಾಡ್ತಾ ಇದೆ. ಅದರ ಸಾರಾಂಶ ಇಷ್ಟು: "ಬೇರೆ ಇಲಾಖೆಗಳಲ್ಲಿ ಮೀಸಲಾತಿ ಇರಲಿ, ಕೋರ್ಟಿನ ಗುಮಾಸ್ತರ ಹುದ್ದೆಗಾದರೂ ಬೇಡ. ಅದರಲ್ಲೂ ವಿಲ್ಲು, ಪ್ರೊಬೇಟು, ಸಕ್ಸೆಷನ್ ಸರ್ಟಿಫಿಕೇಟು ನೋಡುವ ಸೆಕ್ಷನ್ನಿನಲ್ಲಿ ಮೆರಿಟ್ ಇರುವವರೇ ಕೂರಬೇಕು. ಒಂದಕ್ಷರ ತಪ್ಪಿದರೂ ಒಂದು ಮನೆ ಹಾಳು."

ಕೊನೇ ಸಾಲನ್ನ ನಾನು ನೂರಕ್ಕೆ ನೂರು ಒಪ್ತೀನಿ. ಒಂದಕ್ಷರ ತಪ್ಪಿದರೆ ಒಂದು ಮನೆ ಹಾಳಾಗುತ್ತೆ. ಹಾಳಾಗೋದು ಯಾರ ಮನೆ, ಆ ಅಕ್ಷರ ತಪ್ಪಿದ್ದು ಎಲ್ಲಿ, ತಪ್ಪಿಸಿದ್ದು ಯಾರು, ಸರಿ ಮಾಡೋ ತಾಕತ್ತು ಯಾರಿಗಿದೆ? ಈ ನಾಲ್ಕು ಪ್ರಶ್ನೆಗೆ ಉತ್ತರ ಹುಡುಕಿದರೆ ಮೆಸೇಜು ಬರೆದವರ ಮೆರಿಟ್ಟಿನ ಬಣ್ಣ ತಾನಾಗೇ ಬಯಲಾಗುತ್ತೆ.

ನಾನೂ ಒಬ್ಬ ಗುಮಾಸ್ತ. ಕೋರ್ಟಿನವನಲ್ಲ, ಒಂದು ಅನುದಾನಿತ ಕಾಲೇಜಿನ ಕಚೇರಿಯಲ್ಲಿ ಟಪಾಲು, ಹಾಜರಿ, ಟಿ.ಸಿ., ಸ್ಕಾಲರ್‌ಶಿಪ್ಪು ನೋಡೋನು. ಓದಿದ್ದು ಬಿ.ಎ. ಇಪ್ಪತ್ತು ವರ್ಷದಿಂದ ಸಂಘಟನೆಯ ಕೆಲಸದ ನೆಪದಲ್ಲಿ ನಮ್ಮ ಜನರ ಜೊತೆ ನಾಡಕಚೇರಿ, ತಾಲ್ಲೂಕು ಕಚೇರಿ, ಕೋರ್ಟು ಅಂತ ಅಲೆದಿದ್ದೀನಿ. ಟೇಬಲ್ಲಿನ ಈ ಕಡೆಯೂ ಗೊತ್ತು, ಆ ಕಡೆಯೂ ಗೊತ್ತು.

ಕೋರ್ಟಿನಲ್ಲಿ 'ಎಸ್‌ಸಿ' ಅಂದ್ರೆ ಬೇರೆ

ಸಿವಿಲ್ ಕೋರ್ಟಿನ ಕೇಸ್ ಪಟ್ಟಿಯಲ್ಲಿ 'ಪಿ ಅಂಡ್ ಎಸ್‌ಸಿ' ಅಂತ ಒಂದು ಬಗೆಯ ನಂಬರು ಇರುತ್ತೆ. ಮೊದಲ ಸಲ ನೋಡಿದ ನಮ್ಮ ಹುಡುಗ ಒಬ್ಬ, "ಅಣ್ಣಾ, ನಮ್ಮೋರಿಗೆ ಅಂತಾನೇ ಬೇರೆ ರಿಜಿಸ್ಟರ್ ಇಟ್ಟವ್ರಾ?" ಅಂತ ಕೇಳಿದ್ದ. ನಗು ಬಂತು. ಅದು ಪ್ರೊಬೇಟ್ ಅಂಡ್ ಸಕ್ಸೆಷನ್ ಸರ್ಟಿಫಿಕೇಟ್. ಒಬ್ಬರು ಸತ್ತ ಮೇಲೆ ಅವರು ಬಿಟ್ಟು ಹೋದದ್ದು ಯಾರಿಗೆ ಸೇರಬೇಕು ಅಂತ ಕೋರ್ಟಿಗೆ ಬರೋ ಅರ್ಜಿಗಳ ಸಾಲು.

ಎರಡಕ್ಕೂ ವ್ಯತ್ಯಾಸ ಇದೆ. ಪ್ರೊಬೇಟ್ ಅಂದ್ರೆ ಸತ್ತವರು ವಿಲ್ಲು ಬರೆದಿಟ್ಟಿದ್ದರೆ, ಅದು ಅವರದ್ದೇ ವಿಲ್ಲು ಅಂತ ಕೋರ್ಟು ಮೊಹರು ಹಾಕಿ ಕೊಡೋದು. ಅದನ್ನ ಕೊಡೋದು ವಿಲ್ಲಿನಲ್ಲಿ ಹೆಸರಿಸಿದ ಎಕ್ಸಿಕ್ಯೂಟರಿಗೆ ಮಾತ್ರ. ನಮ್ಮ ಊರುಕೇರಿಗಳಲ್ಲಿ ಹಿಂದೂ ಅಥವಾ ಬೌದ್ಧರ ವಿಲ್ಲಿಗೆ ಪ್ರೊಬೇಟ್ ಮಾಡಿಸಲೇಬೇಕು ಅಂತ ಕಡ್ಡಾಯ ಇಲ್ಲ, ಹಾಗಾಗಿ ಅಂಥ ಅರ್ಜಿ ಕಡಿಮೆ. ಸಕ್ಸೆಷನ್ ಸರ್ಟಿಫಿಕೇಟ್ ಅಂದ್ರೆ ಸತ್ತವರಿಗೆ ಬರಬೇಕಾದ ಬಾಕಿ, ಬ್ಯಾಂಕಿನ ಠೇವಣಿ, ಷೇರು, ಬಾಂಡು ಇಂಥದ್ದನ್ನ ವಸೂಲಿ ಮಾಡಿಕೊಳ್ಳೋ ಅಧಿಕಾರ ಇಂಥವರಿಗಿದೆ ಅಂತ ಕೊಡೋ ಪತ್ರ. ಜಮೀನು ಮನೆಗೆ ಇದು ನಡೆಯಲ್ಲ. ಎರಡೂ ಇರೋದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ.

ಪೌರಕಾರ್ಮಿಕ, ಕೂಲಿಯವನು, ಡಿ ಗ್ರೂಪ್ ನೌಕರ, ಕಂತ್ರಾಟಿನ ಸ್ವೀಪರ್ ತೀರಿಕೊಂಡು, ಅವನ ಖಾತೆಗೆ ನಾಮಿನಿ ಇಲ್ಲದೆ ಹೋದರೆ, ಹೆಂಡತಿ ಮಕ್ಕಳು ಬಂದು ನಿಲ್ಲೋದು ಈ 'ಪಿ ಅಂಡ್ ಎಸ್‌ಸಿ' ಮುಂದೆ. ಆಗ ಆ ಎಸ್‌ಸಿಯೂ ಈ ಎಸ್‌ಸಿಯೂ ಒಂದೇ ಕೌಂಟರಿನಲ್ಲಿ ಮುಖಾಮುಖಿ ಆಗ್ತವೆ.

ಗುಮಾಸ್ತ ಮಾಡೋ ಕೆಲಸ ಏನು?

ಆದೇಶ ಮಾಡೋರು ನ್ಯಾಯಾಧೀಶರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಜಿ ನ್ಯಾಯಾಧೀಶರ ಮೇಜಿಗೆ ಹೋಗೋ ಮುಂಚೆ, ಆದೇಶ ಆಗಿ ಕೈಗೆ ಕಾಗದ ಬರೋ ತನಕ ಅದು ಹಾದು ಹೋಗೋದು ಗುಮಾಸ್ತರ ಕೈಯಿಂದ.

ಮೊದಲು ಅರ್ಜಿಯ ಪರಿಶೀಲನೆ. ಕಾಯ್ದೆಯ 372ನೇ ಕಲಮಿನ ಪ್ರಕಾರ ಅರ್ಜಿಯಲ್ಲಿ ಏನೇನಿರಬೇಕು ಅಂತ ಇದೆ: ಸತ್ತ ದಿನ, ಸತ್ತವರು ವಾಸ ಇದ್ದ ಊರು, ಅವರ ಕುಟುಂಬದವರು ಮತ್ತು ಹತ್ತಿರದ ಸಂಬಂಧಿಕರು ಯಾರು, ಅವರ ವಿಳಾಸ ಏನು, ಅರ್ಜಿದಾರರಿಗೆ ಯಾವ ಹಕ್ಕು, ಯಾವ ಯಾವ ಬಾಕಿಗೆ ಸರ್ಟಿಫಿಕೇಟ್ ಕೇಳ್ತಿದ್ದಾರೆ. ಇದರಲ್ಲಿ ಒಂದು ಬಿಟ್ಟುಹೋದರೆ 'ಆಫೀಸ್ ಅಬ್ಜೆಕ್ಷನ್' ಅಂತ ಬರೆದು ವಾಪಸ್ ಕೊಡ್ತಾರೆ. ಮರಣ ಪತ್ರ ಇದೆಯಾ, ವಕಾಲತ್ತು ಇದೆಯಾ, ಕೋರ್ಟ್ ಫೀಸು ಲೆಕ್ಕಕ್ಕೆ ಸರಿಯಾಗಿದೆಯಾ ಅಂತ ನೋಡಬೇಕು. ಆಮೇಲೆ ಕಂಪ್ಯೂಟರಿಗೆ ಏರಿಸಿ ನಂಬರು ಕೊಡಬೇಕು. ಎದುರುದಾರರಿಗೆ ನೋಟಿಸ್ ತಯಾರು ಮಾಡಿ ಆದೇಶ ಜಾರಿಕಾರರ ಕೈಗೆ ಕೊಡಬೇಕು, ನಮ್ಮ ಜನ ಇವತ್ತಿಗೂ ಅಮೀನ ಅಂತಾರಲ್ಲ, ಅವರೇ. ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸಿ ಅದರ ಪ್ರತಿ ಫೈಲಿಗೆ ಸೇರಿಸಬೇಕು. ಸಾಕ್ಷಿ ನಡೆಯುವಾಗ ದಾಖಲೆಗಳಿಗೆ ನಿಶಾನೆ ಹಾಕಬೇಕು. ಆದೇಶ ಆದ ಮೇಲೆ ಬೇಕಾದ್ದನ್ನ ಕಟ್ಟಿಸಿಕೊಂಡು, ಜಾಮೀನು ಬಾಂಡ್ ಕೇಳಿದ್ದರೆ ಅದನ್ನೂ ನೋಡಿ, ಕಾಯ್ದೆಯ ಎಂಟನೇ ಅನುಸೂಚಿಯ ನಮೂನೆಯಲ್ಲಿ ಸರ್ಟಿಫಿಕೇಟ್ ಟೈಪ್ ಮಾಡಿ, ಅಕ್ಷರ ಅಕ್ಷರ ತಾಳೆ ನೋಡಿ, ಸಹಿಗೆ ಇಡಬೇಕು. ಬಾಂಡಿನ ನಂಬರಿನಲ್ಲಿ ಒಂದು ಅಂಕಿ ಹೋದರೆ ಬ್ಯಾಂಕಿನೋರು ಮತ್ತೆ ಕೋರ್ಟಿಗೇ ಅಟ್ತಾರೆ.

ವಿಲ್ಲಿನ ಕೇಸಾದರೆ ಇನ್ನೂ ಒಂದು ಹೊಣೆ ಇದೆ. ಪ್ರೊಬೇಟ್ ಆದ ವಿಲ್ಲಿನ ಮೂಲ ಪ್ರತಿ ಕೋರ್ಟಿನ ದಾಖಲೆಯಲ್ಲೇ ಉಳಿಯುತ್ತೆ. ಸತ್ತವರ ಕೊನೇ ಮಾತನ್ನ ಕಾಪಾಡೋದು ರೆಕಾರ್ಡ್ ರೂಮಿನ ಗುಮಾಸ್ತರು.

ಕೆಲಸ ದೊಡ್ಡದು. ಜವಾಬ್ದಾರಿ ದೊಡ್ಡದು. ಈ ಕೆಲಸ ಯಾರು ಬೇಕಾದರೂ ಮಾಡಬಹುದು ಅಂತ ನಾನು ಯಾವತ್ತೂ ಹೇಳಲ್ಲ.

ಹಾಗಾದರೆ ಅರ್ಹತೆ ಏನು?

ಕಾಗದದ ಮೇಲಿನ ಅರ್ಹತೆ ಎಲ್ಲರಿಗೂ ಗೊತ್ತಿರೋದೇ. ದ್ವಿತೀಯ ದರ್ಜೆ ಸಹಾಯಕರಿಗೆ ಪಿಯುಸಿ, ಪ್ರಥಮ ದರ್ಜೆಗೆ ಪದವಿ, ಬೆರಳಚ್ಚುಗಾರರಿಗೆ ಟೈಪಿಂಗ್ ಪರೀಕ್ಷೆ, ಶೀಘ್ರಲಿಪಿಗಾರರಿಗೆ ಶಾರ್ಟ್‌ಹ್ಯಾಂಡ್. ಕಾನೂನು ಪದವಿ ಯಾರಿಗೂ ಕಡ್ಡಾಯ ಅಲ್ಲ. ಈ ಅರ್ಹತೆ ಮೀಸಲಾತಿಯವರಿಗೂ ಒಂದೇ, ಸಾಮಾನ್ಯ ವರ್ಗದವರಿಗೂ ಒಂದೇ. ಪಿಯುಸಿ ಫೇಲಾದ ದಲಿತನನ್ನ ತಂದು ಕುರ್ಚಿ ಮೇಲೆ ಕೂರಿಸ್ತಾರೆ ಅಂತ ಮೆಸೇಜು ಬರೆದವರು ಅಂದುಕೊಂಡಿದ್ದರೆ, ಮೊದಲು ಒಂದು ನೇಮಕಾತಿ ಅಧಿಸೂಚನೆಯನ್ನ ಪೂರ್ತಿ ಓದಲಿ.

ಆದರೆ ನನ್ನ ಪ್ರಶ್ನೆ ಇನ್ನೊಂದು. ಪಿಯುಸಿಯಲ್ಲಿ ತೊಂಬತ್ತೈದು ಬಂದವರಿಗೆ ಈ ಕೆಲಸ ಬಂದೇಬಿಡುತ್ತಾ? ಲೆಕ್ಕಶಾಸ್ತ್ರದ ಅಂಕ ನೋಡಿ, ಸತ್ತವನ ಹೆಸರು ಮೂರು ಕಡೆ ಮೂರು ಥರ ಇದ್ದರೆ ಏನು ಮಾಡಬೇಕು ಅಂತ ಗೊತ್ತಾಗುತ್ತಾ? ನಮ್ಮ ಹೆಸರುಗಳ ಕಥೆ ಹೇಳ್ತೀನಿ, ಕೇಳಿ.

ಊರಲ್ಲಿ ಯಜಮಾನರ ಮಗನಿಗೆ 'ಹನುಮಂತೇಗೌಡ'. ಅದೇ ದಿನ ಕೇರಿಯಲ್ಲಿ ಹುಟ್ಟಿದ ಮಗು 'ಹನುಮ'. ಮುಂದಕ್ಕೆ ಏನೂ ಸೇರಿಸೋ ಹಾಗಿಲ್ಲ. ಹಳೇ ದಾಖಲೆಗಳಲ್ಲಿ 'ಹನುಮ ಬಿನ್ ಕೆಂಚ', ಹೆಂಗಸಾದರೆ 'ಕೆಂಚಿ ಕೋಂ ಹನುಮ'. ಗೌರವದ ಒಂದು 'ಅಪ್ಪ', ಒಂದು 'ಅಯ್ಯ', ಒಂದು 'ಅಮ್ಮ' ನಮ್ಮ ಹೆಸರಿಗೆ ಅಂಟಬಾರದು ಅಂತ ಊರೇ ತೀರ್ಮಾನ ಮಾಡಿತ್ತು. ಆ ಹನುಮ ಶಹರಕ್ಕೆ ಬರ್ತಾನೆ. ಕಂತ್ರಾಟುದಾರ 'ಹನುಮಂತು' ಅಂತ ಬರ್ಕೊಳ್ತಾನೆ. ರೇಷನ್ ಕಾರ್ಡಿನಲ್ಲಿ 'ಹನುಮಪ್ಪ'. ಬ್ಯಾಂಕಿನಲ್ಲಿ ಯಾರೋ ಒಬ್ಬ ಒಳ್ಳೇ ಮನುಷ್ಯ ಮರ್ಯಾದೆಯಾಗಿ 'ಹನುಮಂತಯ್ಯ' ಅಂತ ಬರೀತಾನೆ. ಜೀವಮಾನದಲ್ಲಿ ಮೊದಲ ಸಲ ಹೆಸರಿಗೊಂದು 'ಅಯ್ಯ' ಬಂತಲ್ಲ ಅಂತ ಅವನೂ ಸುಮ್ಮನಿರ್ತಾನೆ.

ಸತ್ತ ಮೇಲೆ ಆ 'ಅಯ್ಯ'ನೇ ಹೆಂಡತಿಗೆ ಮುಳುವಾಗುತ್ತೆ. 'ಹೆಸರು ವ್ಯತ್ಯಾಸ' ಅಂತ ಫೈಲು ವಾಪಸ್.

ಇದು ಕಲ್ಪನೆಯ ಮಾತಲ್ಲ. ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿಯ ತಂದೆ ಕಂತ್ರಾಟಿನ ಮೇಲೆ ಕಸ ಎತ್ತೋ ಕೆಲಸದಲ್ಲಿದ್ದರು, ತೀರಿಕೊಂಡರು. ಠೇವಣಿಗೆ ನಾಮಿನಿ ಇರಲಿಲ್ಲ. ಬ್ಯಾಂಕಿನವರು ಕೋರ್ಟಿನ ಕಾಗದ ತನ್ನಿ ಅಂದರು. ಮೇಲೆ ಬರೆದ ಹೆಸರು ಅವರದ್ದಲ್ಲ, ಬದಲಿಸಿದ್ದೀನಿ, ಆದರೆ ಫಜೀತಿ ಅದೇ. ಆ ತಾಯಿಯ ಜೊತೆ ನಾನೂ ಹೋಗಿದ್ದೆ. ಕೌಂಟರಿನಲ್ಲಿದ್ದವರು ಫೈಲು ಮಗುಚಿ, "ಏನಮ್ಮಾ, ನಿನ್ ಗಂಡ ಒಬ್ಬನೋ ಮೂವರೋ?" ಅಂದರು. ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಅದೇ ಕೌಂಟರಿನಲ್ಲಿ ಹಿಂದಿನ ಅರ್ಜಿದಾರರಿಗೆ "ಬನ್ನಿ, ಕೂತ್ಕೊಳ್ಳಿ" ಅಂತ ಹೇಳಿದ್ದನ್ನ ಇದೇ ಕಿವಿಯಿಂದ ಕೇಳಿದ್ದೆ. ಆಕ್ಷೇಪಣೆ ಏನು ಅಂತ ಬರೆದುಕೊಡಿ ಅಂದರೆ ಬರೆದುಕೊಡಲಿಲ್ಲ. ಬಾಯಿಮಾತಲ್ಲೇ ಮೂರು ಸಲ ತಿರುಗಿಸಿದರು. ಒಂದೊಂದು ಸಲಕ್ಕೆ ಒಂದು ದಿನದ ಕೂಲಿ ಹೋಯ್ತು.

ನಾಲ್ಕನೇ ಸಲ ಆ ಸೀಟಿನಲ್ಲಿ ಬೇರೆ ಒಬ್ಬ ಹೆಣ್ಣುಮಗಳು ಇದ್ದರು. ಹೊಸದಾಗಿ ಸೇರಿದ ಎಸ್‌ಡಿಎ. ಕಾಗದಗಳನ್ನ ಒಂದರ ಪಕ್ಕ ಒಂದು ಇಟ್ಟರು. ಹೆಂಡತಿ ಹೆಸರು ಎಲ್ಲದರಲ್ಲೂ ಒಂದೇ, ಫೋಟೋ ಒಂದೇ, ವಿಳಾಸ ಒಂದೇ. "ಸರ್, ಒಬ್ಬರೇ ವ್ಯಕ್ತಿ ಅಂತ ಅರ್ಜಿಯಲ್ಲಿ ಎಲ್ಲಾ ಹೆಸರೂ ಉರುಫ್ ಹಾಕಿ ತೋರಿಸಬೇಕು, ಅಫಿಡವಿಟ್ ಬೇಕು. ಆಕ್ಷೇಪಣೆ ಬರೆದು ಕೊಡ್ತೀನಿ, ನಿಮ್ಮ ವಕೀಲರಿಗೆ ತೋರಿಸಿ" ಅಂದರು. ಆ ತಾಯಿ ಕಡೆ ತಿರುಗಿ, "ನಮ್ಮಪ್ಪನಿಗೂ ಮೂರು ಹೆಸರು ಕಣಮ್ಮಾ, ಗಾಬರಿ ಆಗ್ಬೇಡಿ" ಅಂದರು.

ನೋಡಿ, ಆಕೆ ಕಾನೂನು ಮುರಿಯಲಿಲ್ಲ. ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಲಂಚ ಕೇಳಲಿಲ್ಲ. ಆಕ್ಷೇಪಣೆಯನ್ನೂ ಬಿಡಲಿಲ್ಲ, ಬರೆದೇ ಕೊಟ್ಟರು. ನಿಯಮ ಏನು ಹೇಳುತ್ತೋ ಅದನ್ನೇ ಮಾಡಿದರು, ಮೂರು ಸಲ ಆಗದ್ದು ಹತ್ತು ನಿಮಿಷದಲ್ಲಿ ಆಯ್ತು. ಈಗ ಹೇಳಿ, ಮೊದಲಿನವರಿಗೆ ಇಲ್ಲದ, ಈಕೆಗೆ ಇದ್ದ ಆ ಅರ್ಹತೆಗೆ ಹೆಸರೇನು? ಯಾವ ಮಾರ್ಕ್ಸ್ ಕಾರ್ಡಿನಲ್ಲಿ ಅದು ಸಿಗುತ್ತೆ?

ದಲಿತ ಗುಮಾಸ್ತರಿಗೆ ಮಾತ್ರ ಇದು ಬರುತ್ತೆ ಅಂತ ನಾನು ಹೇಳ್ತಿಲ್ಲ. ಮನಸ್ಸಿದ್ದರೆ ಯಾರು ಬೇಕಾದರೂ ಕಲೀಬಹುದು. ನಮ್ಮೋರಲ್ಲೂ ಸೀಟು ಸಿಕ್ಕ ಮೇಲೆ ದೊರೆಯಾದವರನ್ನ ನೋಡಿದ್ದೀನಿ. ನಾನು ಹೇಳ್ತಿರೋದು ಇಷ್ಟೇ: ಬಡವರ ಮನೆಯ ಕಾಗದ ಹೇಗಿರುತ್ತೆ ಅಂತ ಗೊತ್ತಿರೋದು ಈ ಕೆಲಸಕ್ಕೆ ಬೇಕಾದ ವಿದ್ಯೆ. ಅದು ಕೆಲವರಿಗೆ ಮನೆಯಲ್ಲೇ ಸಿಕ್ಕಿರುತ್ತೆ. ಅಂಥವರನ್ನ 'ಮೆರಿಟ್ ಇಲ್ಲದವರು' ಅಂತ ಹೊರಗಿಟ್ಟರೆ ನಷ್ಟ ಕೋರ್ಟಿಗೆ.

ಕುಟುಂಬದವರು ಯಾರು ಅನ್ನೋ ಪ್ರಶ್ನೆ

ಅರ್ಜಿಯಲ್ಲಿ ಕುಟುಂಬದವರನ್ನೆಲ್ಲ ತೋರಿಸಬೇಕು ಅಂದೆನಲ್ಲ, ಅಸಲಿ ಆಟ ನಡೆಯೋದು ಅಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರದ್ದು, ಬೌದ್ಧರಿಗೂ ಅನ್ವಯ. ಅದರ ಪ್ರಕಾರ ಗಂಡಸು ವಿಲ್ಲು ಬರೆಯದೆ ಸತ್ತರೆ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ತಂದೆ ಮೊದಲ ವರ್ಗದಲ್ಲಿ ಇಲ್ಲ. ಎಷ್ಟು ಜನಕ್ಕೆ ಇದು ಗೊತ್ತು? ಮದುವೆಯಾಗಿ ಹೋದ ಮಗಳ ಹೆಸರು ವಂಶವೃಕ್ಷದಲ್ಲೇ ಮಾಯ ಆಗಿರುತ್ತೆ. ಮುದುಕಿ ತಾಯಿಗೂ ಪಾಲಿದೆ ಅನ್ನೋದು ಮಕ್ಕಳಿಗೇ ಮರೆತುಹೋಗಿರುತ್ತೆ. ಪರಿಶಿಷ್ಟ ಪಂಗಡದವರಿಗೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಈ ಕಾಯ್ದೆಯೇ ಅನ್ವಯ ಆಗಲ್ಲ. ಅರ್ಜಿ ನೋಡೋ ಗುಮಾಸ್ತರಿಗೆ ಇಷ್ಟು ತಿಳಿದಿದ್ದರೆ, "ಇವರಿಗೆ ಹೆಣ್ಣುಮಕ್ಕಳಿಲ್ಲವೇ? ತಾಯಿ ಬದುಕಿದ್ದಾರಾ?" ಅಂತ ಒಂದು ಆಕ್ಷೇಪಣೆ ಬರೆದರೆ ಸಾಕು, ಒಬ್ಬ ಹೆಣ್ಣುಮಗಳ ಪಾಲು ಉಳಿಯುತ್ತೆ.

ಈ ಕಾಯ್ದೆಗೆ ದಾರಿ ಮಾಡಿದ ಹಿಂದೂ ಕೋಡ್ ಬಿಲ್ಲನ್ನ ಮುಂದಕ್ಕೆ ಒಯ್ಯಲಿಲ್ಲ ಅಂತ 1951ರಲ್ಲಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟವರು ಬಾಬಾಸಾಹೇಬರು. ದೇಶದ ಎಲ್ಲಾ ಜಾತಿಯ ಹೆಣ್ಣುಮಕ್ಕಳ ಪಾಲಿಗಾಗಿ ಕುರ್ಚಿ ಬಿಟ್ಟ ಮನುಷ್ಯನ ಜನ, ಅದೇ ಪಾಲಿನ ಫೈಲು ಹಿಡಿಯೋಕೆ ಯೋಗ್ಯರಲ್ಲ ಅಂತ ಇವತ್ತು ಮೆಸೇಜು ಬರೀತಾರೆ. ಬರೆಯೋ ಕೈ ನಡುಗೋದೂ ಇಲ್ಲ.

ಇನ್ನು ನಮ್ಮ ಉತ್ತರ ಕರ್ನಾಟಕದ ತಾಯಂದಿರು. ದೇವದಾಸಿ ಬಿಡೋದನ್ನ ನಿಷೇಧಿಸಿ ರಾಜ್ಯ ಕಾನೂನು ಮಾಡಿದ್ದು 1982ರಲ್ಲಿ. ಆ ತಾಯಂದಿರ ಮಕ್ಕಳು ಕೌಂಟರಿಗೆ ಬಂದಾಗ ಮೊದಲ ಪ್ರಶ್ನೆ, "ಅಪ್ಪನ ಹೆಸರು?" ತಾಯಿಯ ಆಸ್ತಿಗೆ ಬಂದ ಮಗುವಿಗೆ ಅಪ್ಪನ ಹೆಸರು ಯಾಕೆ ಬೇಕು? ಮದುವೆಯಿಲ್ಲದೆ ಹುಟ್ಟಿದ ಮಗು ತಾಯಿಗೆ ಸಂಬಂಧಿಯೇ ಅಂತ 1956ರ ಕಾಯ್ದೆಯೇ ಹೇಳುತ್ತೆ. ಅಸಿಂಧು ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೂ ತಂದೆತಾಯಿಯ ಪಾಲಿನಲ್ಲಿ ಹಕ್ಕಿದೆ ಅಂತ 2023ರಲ್ಲಿ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ನಮ್ಮ ಕರ್ನಾಟಕದಿಂದ ಹೋದ ಕೇಸು. ಕಾನೂನು ಇಷ್ಟು ದೂರ ಬಂದಿದೆ. ಕೌಂಟರು ಬಂದಿದೆಯಾ?

'ದಕ್ಷತೆ' ಅನ್ನೋ ಹಳೇ ಹಾಡು

ಮೆಸೇಜಿನಲ್ಲಿರೋ ವಾದ ಹೊಸದಲ್ಲ, ನೂರು ವರ್ಷ ಹಳೇದು. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ನೌಕರಿ ಒಂದೇ ಜಾತಿಯ ಕೈಯಲ್ಲಿದೆ ಅನ್ನೋ ಕೂಗಿಗೆ ನಾಲ್ವಡಿಯವರು 1918ರಲ್ಲಿ ಸಮಿತಿ ಮಾಡಿದರು. ಅಧ್ಯಕ್ಷರು ಯಾರು ಗೊತ್ತಾ? ಮೈಸೂರಿನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು ಅಂತ ಸಮಿತಿ ಶಿಫಾರಸು ಮಾಡಿತು. ಆಗಲೂ ಎದ್ದ ತಕರಾರು ಇದೇ: ಅರ್ಹತೆ ಹೋಗುತ್ತೆ, ದಕ್ಷತೆ ಕೆಡುತ್ತೆ. ದಿವಾನ್ ವಿಶ್ವೇಶ್ವರಯ್ಯನವರಿಗೂ ಈ ದಾರಿ ಒಪ್ಪಿಗೆಯಾಗಿರಲಿಲ್ಲ. ಸಂಸ್ಥಾನ ಕುಸಿದು ಬೀಳಲಿಲ್ಲ. ಅವತ್ತು ಆ ಮೀಸಲಾತಿಯಿಂದ ಗುಮಾಸ್ತಗಿರಿ ಪಡೆದು ಮೇಲೆ ಬಂದ ಕೆಲವು ಬಲಾಢ್ಯ ಜಾತಿಗಳ ಮೊಮ್ಮಕ್ಕಳೇ ಇವತ್ತು ನಮಗೆ ಮೆರಿಟ್ಟಿನ ಪಾಠ ಹೇಳ್ತಿದ್ದಾರೆ. ಅಜ್ಜ ಹತ್ತಿದ ಏಣಿಯನ್ನ ಮೊಮ್ಮಗ ಒದೀತಿದ್ದಾನೆ.

ಸಂವಿಧಾನದ 335ನೇ ವಿಧಿಯಲ್ಲಿ 'ಆಡಳಿತದ ದಕ್ಷತೆ' ಅನ್ನೋ ಮಾತಿದೆ, ಅದನ್ನೇ ಹಿಡಿದು ಎಷ್ಟು ಬಡ್ತಿ ತಪ್ಪಿಸಿದ್ದಾರೋ ಲೆಕ್ಕ ಇಲ್ಲ. ಬಿ.ಕೆ. ಪವಿತ್ರ ಪ್ರಕರಣ ನಮ್ಮ ರಾಜ್ಯದ ನೌಕರರದ್ದು. 2017ರಲ್ಲಿ ಬಡ್ತಿ ಮೀಸಲಾತಿಯ ಜ್ಯೇಷ್ಠತೆ ಹೋಯಿತು. ರಾಜ್ಯ ಹೊಸ ಕಾನೂನು ಮಾಡಿತು. 2019ರಲ್ಲಿ ಅದೇ ಸುಪ್ರೀಂ ಕೋರ್ಟು ಆ ಕಾನೂನನ್ನ ಎತ್ತಿಹಿಡಿದು, ಮೆರಿಟ್ ಅಂದರೆ ಪರೀಕ್ಷೆಯ ಅಂಕ ಮಾತ್ರ ಅಲ್ಲ, ಸಮಾಜದ ಎಲ್ಲರೂ ಆಡಳಿತದಲ್ಲಿ ಇರೋದೂ ದಕ್ಷತೆಯ ಭಾಗವೇ ಅನ್ನೋ ಅರ್ಥದಲ್ಲಿ ಹೇಳಿತು. ನಮ್ಮ ಎಸ್‌ಡಿಎ ತಂಗಿ ಹತ್ತು ನಿಮಿಷದಲ್ಲಿ ಮಾಡಿ ತೋರಿಸಿದ್ದು ಆ ತೀರ್ಪಿನ ಅರ್ಥವನ್ನೇ.

ಇನ್ನೊಂದು ಕಹಿ ಸತ್ಯ ಹೇಳಲೇಬೇಕು. ರೋಸ್ಟರ್ ಹೇಗೆ ನಡೆಯಬೇಕು ಅಂತ 1995ರಲ್ಲಿ ಸಬರ್ವಾಲ್ ಪ್ರಕರಣದಲ್ಲಿ ಇಡೀ ದೇಶಕ್ಕೆ ಹೇಳಿಕೊಟ್ಟದ್ದು ಸುಪ್ರೀಂ ಕೋರ್ಟು. ತನ್ನದೇ ಕಚೇರಿಯ ಸಿಬ್ಬಂದಿಗೆ ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ ಶೇ. 7.5 ಅಂತ ರೋಸ್ಟರ್ ಜಾರಿ ಮಾಡಿದ್ದು 2025ರ ಜೂನ್‌ನಲ್ಲಿ. ಸಂವಿಧಾನ ಬಂದು 75 ವರ್ಷ ಆದ ಮೇಲೆ! ಅದೂ ಬಿ.ಆರ್. ಗವಾಯಿಯವರು ಮುಖ್ಯ ನ್ಯಾಯಮೂರ್ತಿ ಆಗಿದ್ದಾಗ. ಆ ಕುರ್ಚಿಗೆ ಬಂದ ಎರಡನೇ ದಲಿತ ಅವರು. ಕುರ್ಚಿಯಲ್ಲಿ ಯಾರು ಕೂರ್ತಾರೆ ಅನ್ನೋದು ಮುಖ್ಯ ಅಲ್ಲ ಅನ್ನೋರು ಈ ತಾರೀಖನ್ನ ಒಮ್ಮೆ ನೋಡಲಿ.

ನಮ್ಮ ಮನೆ ಕಡೆಗೂ ಎರಡು ಮಾತು

ಬೈಯೋದು ಬರೀ ಆ ಕಡೆಯವರನ್ನ ಅಲ್ಲ. ನಮ್ಮ ಹುಡುಗರಿಗೆ ಪೊಲೀಸ್, ಟೀಚರ್, ಕೆಎಎಸ್ ಬಿಟ್ಟರೆ ಬೇರೆ ನೌಕರಿ ಕಣ್ಣಿಗೇ ಬೀಳಲ್ಲ. ಜಿಲ್ಲಾ ನ್ಯಾಯಾಲಯ ಎಸ್‌ಡಿಎ, ಟೈಪಿಸ್ಟು, ಆದೇಶ ಜಾರಿಕಾರರ ಅರ್ಜಿ ಕರೆದಾಗ ಎಷ್ಟು ಜನ ಹಾಕ್ತೀರಿ? ಟೈಪಿಂಗ್ ಸೀನಿಯರ್ ಮುಗಿಸಿದವರು ಕೇರಿಗೆ ಎಷ್ಟು ಜನ ಇದ್ದೀರಿ? ಭಾಷಣಕ್ಕೆ ಸಾವಿರ ಜನ ಸಿಗ್ತಾರೆ, ಟೈಪಿಂಗ್ ಕ್ಲಾಸಿಗೆ ಸಿಗಲ್ಲ.

ಮಂಜೂರಾದ ಜಮೀನಿನ ವಿಷಯಕ್ಕೂ ಇದು ತಾಗುತ್ತೆ. 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಅರ್ಜಿಗೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿ ಮಾಡಿಸಿಕೊಂಡೆವು, ಬೀದಿಯಲ್ಲಿ ಕೂತು ಮಾಡಿಸಿಕೊಂಡೆವು. ಆದರೆ ಉಪವಿಭಾಗಾಧಿಕಾರಿ ಮುಂದೆ ನಿಂತಾಗ ಕೇಳೋ ಮೊದಲ ಪ್ರಶ್ನೆ: ಮೂಲ ಮಂಜೂರಿದಾರನಿಗೆ ನೀನು ವಾರಸುದಾರ ಅನ್ನೋದಕ್ಕೆ ಏನು ದಾಖಲೆ? ಮ್ಯಾನ್‌ಹೋಲಿನಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರವನ್ನ ಸುಪ್ರೀಂ ಕೋರ್ಟು 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಅಲ್ಲೂ ಅದೇ ಪ್ರಶ್ನೆ. ಹೋರಾಟ ಗೆದ್ದರೂ ಕಾಗದದಲ್ಲಿ ಸೋತರೆ ಮನೆಗೆ ಏನೂ ಬರಲ್ಲ.

ಅಕ್ಕತಂಗಿಯರ ಹೆಸರು ಬಿಟ್ಟು ವಂಶವೃಕ್ಷ ಮಾಡಿಸೋ ಅಣ್ಣತಮ್ಮಂದಿರು ನಮ್ಮಲ್ಲೂ ಇದ್ದಾರೆ. ಮನೆಯಲ್ಲಿ ಬಾಬಾಸಾಹೇಬರ ಫೋಟೋ ಹಾಕಿಕೊಂಡು ಆ ಕೆಲಸ ಮಾಡ್ಬೇಡಿ.

ನಮ್ಮ ಬೇಡಿಕೆ

1. ಪ್ರತಿ ಜಿಲ್ಲಾ ನ್ಯಾಯಾಲಯ ತನ್ನ ಸಿಬ್ಬಂದಿಯ ರೋಸ್ಟರ್, ಬ್ಯಾಕ್‌ಲಾಗ್, ಬಡ್ತಿಯ ಸ್ಥಿತಿಯನ್ನ ಹುದ್ದೆವಾರು ಪ್ರಕಟಿಸಬೇಕು. ಶಿರಸ್ತೇದಾರ್ ಮಟ್ಟದ ತನಕ ಎಷ್ಟು ಜನ ಪರಿಶಿಷ್ಟರು ಅಂತ ಕಾಣಬೇಕು. ಸ್ವೀಪರ್, ಅಟೆಂಡರ್ ಲೆಕ್ಕ ಸೇರಿಸಿ ಶೇಕಡಾವಾರು ತೋರಿಸೋ ಜಾಣತನ ಬೇಡ.

2. 'ಪಿ ಅಂಡ್ ಎಸ್‌ಸಿ' ನೋಡೋ ಗುಮಾಸ್ತರಿಗೆ, ಯಾವ ಜಾತಿಯವರೇ ಆಗಲಿ, ವಾರಸುದಾರಿಕೆ ಕಾನೂನಿನ ತರಬೇತಿ ಕೊಡಬೇಕು. ಹೆಸರಿನ ವ್ಯತ್ಯಾಸ, ದೇವದಾಸಿ ತಾಯಂದಿರ ಮಕ್ಕಳು, ಹೆಣ್ಣುಮಕ್ಕಳ ಪಾಲು ಇದೆಲ್ಲ ಅದರಲ್ಲಿ ಇರಬೇಕು.

3. ಆಕ್ಷೇಪಣೆ ಕನ್ನಡದಲ್ಲಿ, ಬರಹದಲ್ಲಿ, ಒಂದೇ ಸಲಕ್ಕೆ ಪೂರ್ತಿ ಕೊಡಬೇಕು. ಬಾಯಿಮಾತಿನ ಆಕ್ಷೇಪಣೆ ನಿಲ್ಲಬೇಕು.

4. ಕೌಂಟರಿನಲ್ಲಿ ಎಲ್ಲರಿಗೂ ಬಹುವಚನ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ನೀವು ಇವತ್ತೇ ಮಾಡಬಹುದಾದ್ದು

ಮನೆಯವರೆಲ್ಲರ ಬ್ಯಾಂಕ್ ಖಾತೆ, ಠೇವಣಿ, ಪಿಎಫ್‌ಗೆ ನಾಮಿನಿ ಹಾಕಿಸಿ. ನಾಮಿನಿ ಇದ್ದರೆ ಸಕ್ಸೆಷನ್ ಸರ್ಟಿಫಿಕೇಟ್ ಕೇಳಿ ಸತಾಯಿಸಬೇಡಿ ಅಂತ ರಿಸರ್ವ್ ಬ್ಯಾಂಕು 2005ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಆದರೆ ನಾಮಿನಿ ಅಂದರೆ ಮಾಲೀಕ ಅಲ್ಲ, ಹಣ ತಗೊಂಡು ವಾರಸುದಾರರಿಗೆಲ್ಲ ಹಂಚಬೇಕಾದವರು ಅಷ್ಟೇ. ವಿಮೆ ಹಣದ ವಿಷಯದಲ್ಲಿ ಸುಪ್ರೀಂ ಕೋರ್ಟು 1984ರಲ್ಲೇ ಇದನ್ನ ಹೇಳಿದೆ.

ವಿಲ್ಲು ಬರೆಯೋದು ಶ್ರೀಮಂತರ ಕೆಲಸ ಅಂದ್ಕೋಬೇಡಿ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯ ಅಲ್ಲ. ಸಹಿ ಬರದಿದ್ದರೆ ಹೆಬ್ಬೆಟ್ಟು ನಡೆಯುತ್ತೆ. ಇಬ್ಬರು ಸಾಕ್ಷಿ ಸಹಿ ಮಾಡಿರಲೇಬೇಕು. ಆ ಸಾಕ್ಷಿಗಳು ಪಾಲು ಪಡೆಯೋರು ಆಗದಿರೋದು ಒಳ್ಳೇದು.

ಕೋರ್ಟಿಗೆ ಹೋಗಲೇಬೇಕಾದರೆ ಬಡ್ಡಿ ಸಾಲ ಮಾಡ್ಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಣ್ಣುಮಕ್ಕಳಿಗೆ ಉಚಿತ ವಕೀಲರ ಹಕ್ಕಿದೆ. ನಮಗೆ ಆದಾಯದ ಮಿತಿ ಇಲ್ಲ. ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತೆ. 15100ಕ್ಕೆ ಫೋನ್ ಮಾಡಿ. ಯಾರಾದರೂ ಬಾಯಿಮಾತಲ್ಲಿ ತಿರುಗಿಸಿದರೆ, "ಬರೆದುಕೊಡಿ ಸಾರ್" ಅಂತ ಕೇಳಿ. ಮರ್ಯಾದೆಯಿಂದ ಕೇಳಿ, ಆದರೆ ಕೇಳದೆ ವಾಪಸ್ ಬರಬೇಡಿ.

ನಮ್ಮ ಅಜ್ಜಂದಿರಿಗೆ ತೋಟಿ, ತಳವಾರಿಕೆ ವಂಶಪಾರಂಪರ್ಯವಾಗಿ ಬಂತು. ಸತ್ತವರ ಸುದ್ದಿ ಊರೂರಿಗೆ ಹೊತ್ತೊಯ್ಯೋ ಕೆಲಸ, ಗುಂಡಿ ತೋಡೋ ಕೆಲಸ ನಮ್ಮದಾಗಿತ್ತು. ಅದಕ್ಕೆ ಮೆರಿಟ್ ಇದೆಯಾ ಅಂತ ಅವತ್ತು ಯಾರೂ ಕೇಳಲಿಲ್ಲ. ಸತ್ತವರ ಹೆಣ ಹೊರೋಕೆ ನಾವು ಆಗ್ತಿದ್ವಿ, ಸತ್ತವರ ಫೈಲು ಹಿಡಿಯೋಕೆ ಆಗಲ್ವಾ?

ಆಗ್ತೀವಿ. ಅರ್ಜಿ ಹಾಕ್ತೀವಿ, ಪರೀಕ್ಷೆ ಬರೀತೀವಿ, ಆ ಸೀಟಿನಲ್ಲಿ ಕೂರ್ತೀವಿ. ಕೂತ ಮೇಲೆ ಎದುರು ನಿಂತವರು ಯಾವ ಜಾತಿಯವರೇ ಆಗಲಿ, "ಕೂತ್ಕೊಳ್ಳಿ" ಅಂತೀವಿ.

ಜೈಭೀಮ್.